ರಜಾದ ಕಾಕಾ ಮತ್ತು ಅಂಟಿನ ಉಂಡಿ

ಮೊನ್ನೆ ಸೋಮವಾರ ನನ್ನ ಸೊಸೆ ಸ್ನೇಹಲ್ ಆಫೀಸಿನಿಂದ ಬಂದವಳು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತಳು. ಕೈಯಲ್ಲಿ ಕೊತ್ತಂಬರಿ ಕಟ್ಟು ಹಾಗೇ ಇತ್ತು.

"ಅತ್ತೀ, ರಜಾದ ಕಾಕಾ ಹೋದ್ರಂತ."

ನಾನು ಅಕ್ಕಿ ಆರಿಸುತ್ತಿದ್ದೆ. ಮೊರ ಕೆಳಗಿಟ್ಟೆ. "ಯಾವಾಗ?"

"ನಿನ್ನಿ ಮುಂಜಾನಿ. ಚಹಾ ಕುಡದು ಪೇಪರ್ ಹಿಡಕೊಂಡು ಕೂತಿದ್ರಂತ. ಹಂಗ."

ನರಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯಿಂದಲೂ ಮಾಡಿಸಿಕೊಳ್ಳಲಿಲ್ಲ. ದೇವರು ಮಾಡುವ ಸಣ್ಣ ಸಣ್ಣ ಉಪಕಾರಗಳನ್ನು ಎಣಿಸುವುದು ನನಗೆ ರೂಢಿ. ಇದನ್ನೂ ಎಣಿಸಿದೆ. ಆದರೆ ಆ ದಿನ ಅಕ್ಕಿಯಲ್ಲಿ ಹರಳು ಉಳಿದವು. ಊಟಕ್ಕೆ ಕೂತಾಗ ಮಗನ ಹಲ್ಲಿಗೆ ಸಿಕ್ಕವು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರಿಗೊಂದು ಹೆಸರಿತ್ತು ಎನ್ನುವುದೇ ಆ ಕಚೇರಿಯಲ್ಲಿ ಎಷ್ಟೋ ಮಂದಿಗೆ ಮರೆತುಹೋಗಿತ್ತು. ಸೊಲ್ಲಾಪುರದ ಒಂದು ಸರಕಾರಿ ಕಚೇರಿಯಲ್ಲಿ ಅವರು ಹಿರಿಯ ಗುಮಾಸ್ತರಾಗಿದ್ದರು. ಸ್ನೇಹಲ್ ಕೆಲಸ ಮಾಡುವುದೂ ಅಲ್ಲೇ. ನೌಕರರ ರಜೆಯ ಕಾಗದವೆಲ್ಲ ಅವರ ಟೇಬಲ್ಲಿಗೆ ಬರುತ್ತಿದ್ದುದರಿಂದ ಎಲ್ಲರಿಗೂ ಅವರು ರಜಾದ ಕಾಕಾ.

ಕುರನೂರ ಕಡೆಯವರು. ಎತ್ತರದ ಆಳು, ಆದರೆ ಕಾಗದದ ಮೇಲೆ ಬಾಗಿ ಬಾಗಿ ಕೊರಳು ಮುಂದಕ್ಕೆ ಬಂದುಬಿಟ್ಟಿತ್ತು. ಬಿಳಿ ಅಂಗಿ, ತೋಳಿಗೆ ಎರಡು ಮಡಿಕೆ. ಬಡಿಗೇರನ ಹಾಗೆ ಕಿವಿಯ ಸಂದಿಗೆ ಪೆನ್ಸಿಲು. ರಬ್ಬರನ್ನು ದಾರ ಹಾಕಿ ಟೇಬಲ್ಲಿನ ಕಾಲಿಗೆ ಕಟ್ಟಿದ್ದರು. "ಸರಕಾರಿ ಆಫೀಸಿನ್ಯಾಗ ಫೈಲು ಕಳೀತಾವು, ಅದು ನನ್ನ ಕೈಯಾಗಿಲ್ಲ. ರಬ್ಬರಾದ್ರೂ ಉಳೀಲಿ," ಎನ್ನುತ್ತಿದ್ದರು. ಸಾಹೇಬರ ಹತ್ತಿರ ಮರಾಠಿ, ಸಿಪಾಯಿಯ ಹತ್ತಿರ ಹಿಂದಿ, ನಮ್ಮಂಥವರ ಹತ್ತಿರ ಮನೆಯ ಕನ್ನಡ. ಮಾತಾಡುತ್ತಿದ್ದರು ಅಷ್ಟೇ, ಕನ್ನಡ ಓದಲು ಬರುತ್ತಿರಲಿಲ್ಲ. ಕಲಿತದ್ದು ಮರಾಠಿ ಸಾಲೆ.

ನಾನು ಅವರನ್ನು ಮೊದಲು ಕಂಡದ್ದು ಸ್ನೇಹಲ್ ಬಸುರಿಯಾಗಿದ್ದಾಗ. ಮದುವೆಯಾಗಿ ನಾಲ್ಕು ವರ್ಷಕ್ಕೆ ನಿಂತ ಬಸಿರು. ಆ ನಾಲ್ಕು ವರ್ಷ ನಾನು ಹೊರದ ಹರಕೆ ಇಲ್ಲ. ಹುಲಜಂತಿಯ ಜಾತ್ರೆಗೆ ಹೋಗಿ ಬಂದೆ, ನಮ್ಮೂರ ಕೆರೆಯ ನಡುವಿನ ಗುಡಿಗೆ ಪ್ರತಿ ಸೋಮವಾರ ಬರಿಗಾಲಲ್ಲಿ ನಡೆದೆ. ಹಾಗಾಗಿ ಒಂದು ಶಾಸ್ತ್ರವೂ ತಪ್ಪಬಾರದು ಎಂದು ನನ್ನ ಹಟ. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಎಂಟನೆಯ ತಿಂಗಳಲ್ಲಿ ಬಸುರಿ ಊರು ಬಿಟ್ಟು ಹೋಗಬಾರದು. ಅದಕ್ಕೇ ಏಳರಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಎಂಟು ಹುಟ್ಟುವ ಮೊದಲೇ ಕಳಿಸಿಬಿಡುವುದು. ಆಕೆಯ ತವರು ಅಕ್ಕಲಕೋಟ, ಬಸ್ಸಿಗೆ ಒಂದು ತಾಸಿನ ದಾರಿ. ನಮ್ಮ ಪುರೋಹಿತರು ಏಳರ ಕೊನೆಗೆ ಒಂದು ಒಳ್ಳೆಯ ದಿನ ತೆಗೆದುಕೊಟ್ಟರು. ಆ ದಿನದಿಂದಲೇ ಪ್ರಸೂತಿ ರಜೆ ಬೇಕೆಂದು ಸೊಸೆಯ ಕಡೆಯಿಂದ ಅರ್ಜಿ ಬರೆಸಿದೆ. ಶುಭದ ಕಾಗದವೆಂದು ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿದೆ. ಒಂದು ರಾತ್ರಿ ದೇವರ ಮುಂದಿಟ್ಟೆ. ಮರುದಿನ ಡಬ್ಬಿ ತುಂಬ ರವೆ ಉಂಡಿ ಹಿಡಿದುಕೊಂಡು ಸೊಸೆಯ ಜತೆ ನಾನೇ ಕಚೇರಿಗೆ ಹೋದೆ.

ಅವರು ಅರ್ಜಿಯನ್ನು ತಿರುಗಿಸಿ ತಿರುಗಿಸಿ ನಾಲ್ಕೂ ಮೂಲೆ ನೋಡಿದರು.

"ವೈನಿ, ಇದು ಲಗ್ನಪತ್ರಿಕಾ ಅಲ್ಲರಿ."

"ಗೊತ್ತದರಿ. ಆದ್ರೂ ಒಳ್ಳೇ ಕೆಲಸದ ಕಾಗದ ಅಲ್ಲೇನ್ರಿ?"

"ಒಳ್ಳೇ ಕೆಲಸದ್ದ. ಅರಿಷಿಣಕ್ಕ ನನ್ನ ತಕರಾರಿಲ್ಲ. ತಕರಾರು ತಾರೀಖಿಗೆ." ಸ್ನೇಹಲ್ ಕಡೆ ತಿರುಗಿ, "ಡಾಕ್ಟರಬಾಯಿ ಯಾವ ತಾರೀಖ ಕೊಟ್ಟಾರವ್ವಾ?" ಎಂದು ಕೇಳಿದರು. ಆಕೆ ಹೇಳಿದಳು. ಅವರು ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಎರಡು ಕಡೆ ಗುಂಡು ಸುತ್ತಿದರು. ಒಂದು ನಮ್ಮ ಪುರೋಹಿತರ ದಿನ, ಇನ್ನೊಂದು ಡಾಕ್ಟರರ ದಿನ.

"ಇಲ್ಲಿಂದ ಇಲ್ಲೀತನಕ ಎರಡು ತಿಂಗಳು. ಈ ಎರಡು ತಿಂಗಳ ರಜಾ ಯಾರು ತಿಂತಾರ?"

"ತಿನ್ನೂದೇನು ಬಂತ್ರಿ? ಆಕಿ ತವರಮನ್ಯಾಗ ಆರಾಮ ಇರ್ತಾಳ."

"ಇರಲಿ. ಆದ್ರ ಸರಕಾರ ಕೊಡೂದು ಆರು ತಿಂಗಳು. ಹಚ್ಚಿದ ದಿನದಿಂದ ಎಣಿಕಿ ಚಾಲೂ. ಎರಡು ಕುಬಸಕ್ಕ ಹೋದ್ರ ಕೂಸಿಗೆ ಉಳಿಯೂದು ನಾಕ. ನಾಕು ತಿಂಗಳ ಕೂಸಿನ್ನ ನಿಮ್ಮ ಉಡ್ಯಾಗ ಹಾಕಿ ಆಕಿ ಇಲ್ಲಿ ಬಂದು ಕೂಡ್ತಾಳ. ಆಮ್ಯಾಲೆ ಹಾಲು ಯಾರು ಕುಡಸವ್ರು? ನೀವ?"

ಪಕ್ಕದ ಟೇಬಲ್ಲಿನವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಹೊರಗಿನ ಗಂಡಸು, ನನ್ನ ಸೊಸೆಯ ಹಾಲಿನ ಮಾತು ನನ್ನ ಎದುರಿಗೆ ಆಡುವುದೆಂದರೇನು! ಅವರಿಗೆ ಅದರ ಅರಿವೇ ಇಲ್ಲ. ರಬ್ಬರು ಎಳೆದುಕೊಂಡು ಅರ್ಜಿಯ ತಾರೀಖು ತಿಕ್ಕಿದರು. ಅದು ಪೆನ್ನಿನ ಬರಹ, ಹೋಗಲಿಲ್ಲ. ಅರ್ಜಿ ಮಡಿಚಿ ನನ್ನ ಕೈಗೇ ಕೊಟ್ಟರು.

"ಹೊಸಾದು ಬರಕೊಂಡು ಬರ್ರಿ. ತಾರೀಖಿನ ಜಾಗ ಪೆನ್ಸಿಲ್ಲಿನಾಗ ಇರಲಿ. ಅಲ್ಲಿ ಪೆನ್ನಿನಾಗ ಬರಿಯೂದು ಕೂಸಿನ ಕೆಲಸ. ಏಳರಾಗ ಕುಬಸ ಮಾಡ್ರಿ, ರವಿವಾರ ನೋಡಿ. ಎಂಟರಾಗ ಎಲ್ಲಿಗೂ ಹೋಗೂದು ಬ್ಯಾಡ, ನಿಮ್ಮಲ್ಲೇ ಇರಲಿ, ಆಫೀಸಿಗೆ ಬಂದು ಹೋಗಿ ಮಾಡ್ಲಿ. ಒಂಬತ್ತು ತುಂಬೂ ಹೊತ್ತಿಗೆ ತವರಿಗೆ ಕಳಸ್ರಿ. ಶಾಸ್ತ್ರನೂ ಮುರಿಯೂದಿಲ್ಲ, ರಜಾನೂ ಮುರಿಯೂದಿಲ್ಲ. ಅಂದಂಗ ನಿಮ್ಮ ಮಗ ಎಷ್ಟು ದಿವಸ ರಜಾ ತಗೊಳ್ಳಾವ?"

ಈಗ ನಗುವ ಸರದಿ ನನ್ನದು. "ಅವನ್ಯಾಕ್ರಿ? ಅವನೇನು ಹಡೀತಾನೇನು?"

"ಹಡಿಯೂದಿಲ್ಲ. ನೀರು ಕಾಸಾಕ ಬರ್ತದಲ್ಲ?" ಎಂದರು, ನಗದೆ. ಆಮೇಲೆ ದನಿ ತಗ್ಗಿಸಿದರು. "ನನ್ನ ಮಗಳು ಹುಟ್ಟಿದಾಗ ನಾ ಅರ್ಧಾ ದಿವಸ ರಜಾ ಹಾಕಿದ್ದೆ. ಕಾರಣ ಏನ ಬರದಿದ್ದೆ ಹೇಳ್ರಿ? ಹೊಟ್ಟಿನೋವು ಅಂತ. ಕೂಸು ನೋಡಾಕ ಹೊಂಟೀನಿ ಅಂತ ಬರಿಯಾಕ ನಾಚಿಕಿ. ಸಾಹೇಬ್ರು ನಗತಾರಂತ."

ನಾನು ಉಂಡಿಯ ಡಬ್ಬಿ ಮುಂದೆ ಸರಿಸಿದೆ. ಅವರು ಒಂದೇ ಬೆರಳಿನಿಂದ ಅದನ್ನು ಹಿಂದಕ್ಕೆ ಸರಿಸಿದರು. "ಅದೊಂದು ಬ್ಯಾಡ್ರಿ." ಮನೆಯವರೆಗೆ ಆ ಡಬ್ಬಿ ನನ್ನ ಕೈಯಲ್ಲಿ ಕಲ್ಲಿನಷ್ಟು ಭಾರವಾಯಿತು.

ಮನೆಗೆ ಬಂದು ಅವರನ್ನು ಬೈದೆ. ಪುರೋಹಿತರಿಗಿಂತ ದೊಡ್ಡವನೋ ಎಂದೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಎದುರು ಮಾತಾಡದ ಸ್ನೇಹಲ್ ಅವತ್ತು ತಲೆಬಾಗಿಲಿಗೆ ಒರಗಿ ನಿಂತು ಮೆಲ್ಲಗೆ ಹೇಳಿದಳು. "ಅತ್ತೀ, ಕಾಕಾ ಹೇಳಿದ್ದು ನನಗೂ ಬೇಕಾಗೇದ. ನಾಕು ತಿಂಗಳಿಗೇ ಬಿಟ್ಟು ಹೋಗೂದಂದ್ರ ನನಗ ಆಗೂದಿಲ್ಲ." ಆಕೆಯ ಕಣ್ಣು ನೋಡಿ ಆಗಲಿ ಎಂದೆ. ಆದರೆ ಒಪ್ಪಿದ್ದು ಬಾಯಿ ಮಾತ್ರ.

ಕುಬಸ ಅಕ್ಕಲಕೋಟದಲ್ಲಿ ರವಿವಾರವೇ ಆಯಿತು. ಹಸಿರು ಸೀರೆ ಉಟ್ಟುಕೊಂಡೇ ಸಂಜೆಯ ಬಸ್ಸಿಗೆ ಸ್ನೇಹಲ್ ನಮ್ಮ ಜತೆ ವಾಪಸು ಬಂದಳು. ಬೀಗತಿಗೆ ಸಮಾಧಾನವಿಲ್ಲ. ವಾರಕ್ಕೊಮ್ಮೆ ಮಗಳನ್ನು ನೋಡಲು ಬರುತ್ತಿದ್ದರು, ಆದರೆ ಮಗಳಿಗೆ ಕೂಸಾಗುವ ತನಕ ಅವರು ನಮ್ಮ ಮನೆಯ ನೀರು ಮುಟ್ಟುವಂತಿಲ್ಲ. ಕೊಟ್ಟ ಮನೆಯ ಅನ್ನ ತಿನ್ನಬಾರದೆಂದು ಅವರ ಮನೆತನದ ಕಟ್ಟಳೆ. ರೊಟ್ಟಿಯ ಡಬ್ಬಿ, ನೀರಿನ ಬಾಟಲಿ ಎರಡೂ ಅಕ್ಕಲಕೋಟದಿಂದಲೇ ಬರುತ್ತಿದ್ದವು. ನಾವು ಒಳಗೆ ಉಣ್ಣುವುದು, ಅವರು ಕಟ್ಟೆಯ ಮೇಲೆ ಕೂತು ತಮ್ಮ ಡಬ್ಬಿ ಬಿಚ್ಚುವುದು. ಅಕಸ್ಮಾತ್ ಹೆರಿಗೆ ಇಲ್ಲೇ ಆದರೆ ಇಂಥವರು ನಮ್ಮಲ್ಲಿ ನಿಂತು ಬಾಣಂತನ ಹೇಗೆ ಮಾಡುತ್ತಾರೆ?

ಕಾಕಾ ಕಚೇರಿಯಲ್ಲಿ ಸುಮ್ಮನೆ ಇರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಸ್ನೇಹಲ್‌ಳ ಟೇಬಲ್ಲು ಮಾಳಿಗೆಯ ಮೇಲಿತ್ತು. ಸಾಹೇಬರಿಗೆ ಬರೆದುಕೊಟ್ಟು ಅದನ್ನು ಕೆಳಗೆ ತರಿಸಿದರು, ಪಾಯಖಾನೆಗೆ ಹತ್ತಿರ. ಕಾಲಿಗೆ ಬಾವು ಬರುತ್ತದೆಂದು ಕಾಲಡಿಗೆ ಇಡಲು ತಮ್ಮ ಮನೆಯ ಊಟದ ಮಣೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದರು.

ಎಂಟನೆಯ ತಿಂಗಳು ಅರ್ಧ ಕಳೆದಿರಲಿಲ್ಲ. ಒಂದು ಬುಧವಾರ ಹನ್ನೊಂದರ ಹೊತ್ತಿಗೆ ಫೋನು ಬಂತು. ಕಚೇರಿಯಲ್ಲೇ ಸೊಸೆಗೆ ಗರ್ಭದ ನೀರು ಹೋಗಿದೆ, ದವಾಖಾನೆಗೆ ಸೇರಿಸಿದ್ದಾರೆ.

ಎಂಟರ ಕೂಸು. ಏಳರದಾದರೂ ಉಳಿಯುತ್ತದೆ, ಎಂಟರದು ಉಳಿಯುವುದಿಲ್ಲವೆಂದು ಕೇಳಿ ಬೆಳೆದವಳು ನಾನು. ರಿಕ್ಷಾದಲ್ಲಿ ದೇವರ ಹೆಸರೂ ಬಾಯಿಗೆ ಬರಲಿಲ್ಲ. ದವಾಖಾನೆಯ ಮೆಟ್ಟಿಲ ಹತ್ತಿರ ಕಾಕಾ ನಿಂತಿದ್ದರು. ಒಂದು ಕೈಯಲ್ಲಿ ಸ್ನೇಹಲ್‌ಳ ಪರ್ಸು, ಇನ್ನೊಂದರಲ್ಲಿ ಆಕೆಯ ಊಟದ ಡಬ್ಬಿ. ಕಿವಿಯಲ್ಲಿ ಪೆನ್ಸಿಲು ಹಾಗೇ ಇತ್ತು. ಆ ಪೆನ್ಸಿಲು ಕಂಡದ್ದೇ ನನ್ನ ತಾಳ್ಮೆ ಹೋಯಿತು.

"ಆತಲ್ಲ ನಿಮ್ಮ ಮನಸಿನಂಗ? ತವರಮನ್ಯಾಗ ಕಾಲ ಚಾಚಿ ಮಲಗೋ ಹೆಂಗಸಿನ್ನ ಕುರ್ಚಿಗೆ ಕಟ್ಟಿ ಹಾಕಿದ್ರಲ್ಲ! ಕಾಗದ ನೋಡೋ ಕಣ್ಣಿಗೆ ಕೂಸು ಎಲ್ಲಿ ಕಾಣ್ತದ? ನಿಮ್ಮ ಮಗಳಾಗಿದ್ರ ಹಿಂಗ ಮಾಡ್ತಿದ್ರೇನು? ನನ್ನ ಸೊಸಿಗೆ, ಕೂಸಿಗೆ ಹೆಚ್ಚು ಕಡಿಮಿ ಆದ್ರ ಆ ದೇವರು ನಿಮ್ಮನ್ನ ಕೇಳ್ತಾನ!"

ಮಂದಿ ಸೇರಿತು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಅವರು ಡಬ್ಬಿ ಮುಂದೆ ಹಿಡಿದರು. "ವೈನಿ, ಆಕಿ ಇನ್ನೂ ಉಂಡಿಲ್ಲ." ಅಷ್ಟೇ ಹೇಳಿ ಮೆಟ್ಟಿಲಿಳಿದು ಹೋದರು.

ಹೆಣ್ಣುಕೂಸು. ಒಂದೂಮುಕ್ಕಾಲು ಕಿಲೋ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಡಾಕ್ಟರಬಾಯಿಯನ್ನು ಅಡ್ಡಗಟ್ಟಿ ಕೇಳಿದೆ, ಕೆಲಸಕ್ಕೆ ಹೋದದ್ದಕ್ಕೇ ಹೀಗಾಯಿತಲ್ಲ ಎಂದು. ಆಕೆ ತಲೆಯಾಡಿಸಿದರು. "ಇಲ್ಲ ಆಜಿ. ಮನ್ಯಾಗ ಮಲಕೊಂಡಿದ್ರೂ ಆಗೂದಿತ್ತು. ಹತ್ತು ಮಿನಿಟಿನ್ಯಾಗ ಇಲ್ಲಿ ತಂದ್ರು, ಅದು ಚೊಲೊ ಆತು. ದೂರದ ಊರಿನ್ಯಾಗ ಇದ್ದಿದ್ರ ನನಗೂ ಹೇಳಾಕ ಬರ್ತಿದ್ದಿಲ್ಲ."

ದೂರದ ಊರು. ನಮ್ಮ ಪುರೋಹಿತರ ದಿನಕ್ಕೇ ಕಳಿಸಿದ್ದರೆ ಆ ಹೊತ್ತಿಗೆ ಆಕೆ ಅಕ್ಕಲಕೋಟದಲ್ಲಿ ಇರುತ್ತಿದ್ದಳು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮರುದಿನ ಕಾಕಾ ಮತ್ತೆ ಬಂದರು, ಅರ್ಜಿಗೆ ಸಹಿ ಬೇಕೆಂದು. ಒಳಗೆ ಬರಲಿಲ್ಲ, ಗೇಟಿನ ಹತ್ತಿರವೇ ನಿಂತರು. ಮಗ ಹೋಗಿ ಸಹಿ ಮಾಡಿಸಿಕೊಟ್ಟ. ಪೆನ್ಸಿಲ್ಲಿನ ತಾರೀಖು ಅಳಿಸಿ, ಕೂಸು ಹುಟ್ಟಿದ ತಾರೀಖನ್ನು ಪೆನ್ನಿನಲ್ಲಿ ಬರೆದರಂತೆ. ನಾನು ಕಿಟಕಿಯಿಂದ ನೋಡಿದೆ. ಕೆಳಗಿಳಿದು ಹೋಗುವ ಮುಖ ನನಗಿರಲಿಲ್ಲ.

ಆರೂ ತಿಂಗಳು ಉಳಿದಿದ್ದವು. ಒಂದು ದಿನವೂ ಮುಕ್ಕಾಗಿರಲಿಲ್ಲ. ಅದರ ಬೆಲೆ ಏನೆಂದು ಮುಂದೆ ದಿನ ದಿನ ತಿಳಿಯಿತು. ಆ ಕೂಸಿಗೆ ಔಷಧವೆಂದರೆ ತಾಯಿಯ ಹಾಲು, ತಾಯಿಯ ಮೈಶಾಖ. ಎದೆಗೆ ಬಟ್ಟೆ ಇಲ್ಲದೆ ಅಪ್ಪಿಕೊಂಡು ತಾಸುಗಟ್ಟಲೆ ಕೂಡಬೇಕು ಎಂದರು. ತಾಯಿ ದಣಿದಾಗ ತಂದೆಯೂ ಕೂಡಬಹುದು ಎಂದರು. ನನ್ನ ಮಗ ಒಂದು ಚಾದರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಎಂಟು ದಿನ ರಜೆ ಕೇಳಿದನಂತೆ. ಸೇಠಜೀ ಇಡೀ ಅಂಗಡಿಯ ಎದುರಿಗೆ ನಕ್ಕು, "ಯಾಕಪಾ, ನೀ ಹಡದಿಯೇನು?" ಎಂದರಂತೆ. ಮಗ ಬಂದು ಅದನ್ನು ಹೇಳಿದಾಗ ನಾನು ಒಲೆಯ ಕಡೆ ತಿರುಗಿದೆ. ಅದು ನನ್ನದೇ ಮಾತು. ಕೊನೆಗೆ ನಾಲ್ಕು ದಿನ ಕೊಟ್ಟರು. ನಾಲ್ಕು ದಿನ ಅವನು ಅಂಗಿ ಬಿಚ್ಚಿ, ಮಗಳನ್ನು ಎದೆಯ ಮೇಲಿಟ್ಟುಕೊಂಡು, ಅಲುಗದೆ ಕೂತ. ಆ ನಾಲ್ಕನ್ನೂ ನಾನು ದೇವರ ಉಪಕಾರದಲ್ಲಿ ಎಣಿಸಿದೆ. ಕಾಕಾನ ಮಾತಿಗೆ ನಗದೆ ನಾನು ಅದನ್ನು ಮಗನ ಕಿವಿಗೆ ಹಾಕಿದ್ದರೆ ಅವನು ಮೊದಲೇ ಕೇಳಿ ಇನ್ನಷ್ಟು ತಂದಿರುತ್ತಿದ್ದನೋ ಏನೋ.

ಇನ್ನೊಂದು ಉಪಕಾರ ಹೇಳಲೇಬೇಕು. ಕೂಸು ಹುಟ್ಟಿದ ಸಂಜೆ ಬೀಗತಿ ಅಕ್ಕಲಕೋಟದಿಂದ ಓಡಿ ಬಂದರು, ನೀರಿನ ಬಾಟಲಿ ಮರೆತು. ನಾನು ಥರ್ಮಾಸಿನಿಂದ ಚಹಾ ಬಗ್ಗಿಸಿ ಮುಂದೆ ಹಿಡಿದೆ. "ಇನ್ನ ಕುಡೀಬಹುದಲ್ರಿ?" ಅವರು ಅಳುತ್ತ ನಮ್ಮ ಮನೆಯ ಚಹಾ ಮೊದಲ ಸಲ ಕುಡಿದರು. ಕೂಸಿನ ತೂಕಕ್ಕೆಂದು ವಾರ ವಾರ ದವಾಖಾನೆಗೆ ಬರಬೇಕಿತ್ತು, ಹಾಗಾಗಿ ತಾಯಿ-ಕೂಸು ಸೊಲ್ಲಾಪುರದಲ್ಲೇ ಉಳಿದರು. ತವರೇ ನಮ್ಮ ಮನೆಗೆ ಬಂತು. ಮೂರು ತಿಂಗಳು ಬೀಗತಿ ನಮ್ಮಲ್ಲಿದ್ದು ಬಾಣಂತಿಗೆ ನೀರು ಹಾಕಿದರು. ಜಗಳವಾಡಿದೆವು, ಅದು ಬೇರೆ ಮಾತು.

ಬಾಣಂತಿಗೆ ಅಂಟಿನ ಉಂಡಿ ಕಟ್ಟಿದಾಗ ಕಾಕಾನಿಗೂ ಒಂದು ಡಬ್ಬಿ ತೆಗೆದಿಟ್ಟೆ. ಅಂಟು, ಉತ್ತತ್ತಿ, ಒಣಕೊಬ್ಬರಿ, ಬೆಲ್ಲ, ಮನೆಯ ತುಪ್ಪ. ಬಾಯಿಂದ ತಪ್ಪಾಯಿತೆನ್ನಲು ಬರದವಳು ಉಂಡಿಯಿಂದ ಹೇಳೋಣ ಎಂದುಕೊಂಡೆ. ಮಗನ ಕೈಯಲ್ಲಿ ಕಚೇರಿಗೆ ಕಳಿಸಿದೆ. ಸಂಜೆಗೆ ಡಬ್ಬಿ ಹಾಗೇ ತಿರುಗಿ ಬಂತು, ಮುಚ್ಚಳ ಕೂಡ ತೆಗೆದಿರಲಿಲ್ಲ. ಮೇಲೊಂದು ಚೀಟಿ, ಪೆನ್ಸಿಲ್ಲಿನ ಮರಾಠಿ. ಬಾಣಂತಿಗೆ ಕೊಡಿರಿ ಎಂದು.

"ಅತ್ತೀ, ಅವರು ಯಾರ ಮನೀದೂ ತಿನ್ನೂದಿಲ್ಲ. ಯಾರ ಕಾಗದ ತಮ್ಮ ಕೈಯಾಗ ಬರ್ತದೋ ಅವರ ಮನಿ ಚಹಾನೂ ಕುಡಿಯೂದಿಲ್ಲ," ಎಂದು ಸ್ನೇಹಲ್ ನೂರು ಸಲ ಹೇಳಿದಳು. ನಾನು ನಂಬಲಿಲ್ಲ. ನನ್ನ ಮಾತು ಅವರಿಗೆ ನಟ್ಟಿದೆ, ಹೋಗಿಲ್ಲ ಎಂದೇ ತಿಳಿದೆ. ದಿನಾ ಪೂಜೆಯಲ್ಲಿ ಹೂ ಏರಿಸುವಾಗ ಆ ದವಾಖಾನೆಯ ಮೆಟ್ಟಿಲು ಕಣ್ಣಿಗೆ ಬರುತ್ತಿತ್ತು. ದೇವರು ಇಷ್ಟು ಕೊಟ್ಟ, ನಾನು ಮಾತ್ರ ಒಬ್ಬರ ಹತ್ತಿರ ಬೇಡಬೇಕಾದ ಕ್ಷಮೆಯನ್ನು ಬೇಡದೆ ಉಳಿಸಿಕೊಂಡೆ. ಸಂತೆಯಲ್ಲಿ ಅವರ ಸೈಕಲ್ಲು ಕಂಡರೆ ಬದನೆಕಾಯಿ ಆರಿಸುವವಳ ಹಾಗೆ ಬಗ್ಗಿಬಿಡುತ್ತಿದ್ದೆ.

ಅವರು ಮಾತ್ರ ತಮ್ಮ ಕೆಲಸ ಬಿಡಲಿಲ್ಲ. ಆರು ತಿಂಗಳಾದ ಮೇಲೆ ಬಾಲಸಂಗೋಪನ ರಜಾ ಎಂದು ಇನ್ನೊಂದಿದೆ, ಮಕ್ಕಳ ಆರೈಕೆಗೆ. ಸ್ನೇಹಲ್ ಅದನ್ನು ಒಮ್ಮೆಗೇ ಎಷ್ಟಾಗುತ್ತದೋ ಅಷ್ಟು ತೆಗೆದುಕೊಳ್ಳಲು ಹೋದಾಗ ತಡೆದರಂತೆ. "ತುಪ್ಪದ ಗಡಿಗಿ ಬೋರಲ ಹಾಕಬ್ಯಾಡವ್ವಾ. ಹಲ್ಲು ಬರೂದದ, ದಡಾರ ಬರೂದದ, ಮುಂದ ಸಾಲಿ ಅದ. ಚಮಚಾಲೆ ತಗೋ." ಹಾಗೆ ತುಂಡು ತುಂಡು ತೆಗೆದುಕೊಂಡದ್ದಕ್ಕೇ ಎರಡನೆಯ ವರ್ಷ ಮಗುವಿಗೆ ನ್ಯುಮೋನಿಯಾ ಆದಾಗ ತಾಯಿ ಹತ್ತಿರ ಇದ್ದಳು. ಕಾಗದದಲ್ಲಿ ಕಾರಣ ಖರೇನೇ ಬರೆಯಬೇಕು, ಅದೊಂದು ಅವರ ಹಟ. ತಲೆನೋವು, ಊರಿಗೆ ಹೋಗುವುದು, ಅಂಥದ್ದೆಲ್ಲ ಬರೆದರೆ ವಾಪಸು. "ಕೂಸಿಗೆ ಜ್ವರ ಅಂತ ಬರಿಯಾಕ ನಾಚಿಕಿ ಯಾಕ?" ಎಂದು ಗಂಡಸರಿಗೂ ಕೇಳುತ್ತಿದ್ದರಂತೆ.

ಕಳೆದ ವರ್ಷ ಅವರು ನಿವೃತ್ತರಾದರು. ಅವತ್ತು ಸಂಜೆ ನಾನು ಓಣಿಯ ಒಂದು ಹುಡುಗಿಯ ಬಾಣಂತನಕ್ಕೆಂದು ಅಂಟಿನ ಉಂಡಿ ಕಟ್ಟುತ್ತ ಕೂತಿದ್ದೆ. ನನ್ನ ಮೊಮ್ಮಗಳು ಅನ್ವಿ, ಆಗ ನಾಲ್ಕು ತುಂಬಿತ್ತು, ಉಂಡಿಯ ಪರಾತದ ಸುತ್ತ ತಿರುಗುತ್ತಿದ್ದಳು. ಕೈ ಹಾಕಬೇಡ, ಇವು ಕೂಸು ಹಡೆದವರಿಗೆ ಎಂದು ಗದರಿಸಿದ್ದೆ. ಬಾಗಿಲಲ್ಲಿ ಸೈಕಲ್ಲಿನ ಸಪ್ಪಳವಾಯಿತು. ತಲೆ ಎತ್ತಿದರೆ ಕಾಕಾ. ಕೊರಳಲ್ಲಿ ಕಚೇರಿಯವರು ಹಾಕಿದ ಹಾರ ಹಾಗೇ ಇತ್ತು. ಕಿವಿಯಲ್ಲಿ ಪೆನ್ಸಿಲು ಇರಲಿಲ್ಲ.

"ವೈನಿ, ಇವತ್ತಿನಿಂದ ನನ್ನ ಸಹಿ ಎಲ್ಲೂ ನಡಿಯೂದಿಲ್ಲ. ಈಗ ಕೊಡ್ರಿ ನಿಮ್ಮ ಉಂಡಿ. ಆಫೀಸ ಬಿಟ್ಟಾಗಿಂದ ಇದು ಮೂರನೇ ಮನಿ."

ತುಪ್ಪದ ಕೈಯಲ್ಲೇ ಎದ್ದು ನಿಂತೆ. ನಾಲ್ಕು ವರ್ಷದ ಮಾತು ಒಮ್ಮೆಲೇ ಹೊರಗೆ ಬಿತ್ತು. "ಕಾಕಾ, ಅವತ್ತ ದವಾಖಾನ್ಯಾಗ ನಾ ಬಾಯಿಗೆ ಬಂದಂಗ ಅಂದೆ. ತಪ್ಪ ಆತು. ಭಾಳ ತಪ್ಪ ಆತು."

ಅವರು ಸೈಕಲ್ಲನ್ನು ಗೋಡೆಗೆ ಒರಗಿಸಿದರು.

"ಅದಾ? ಅವತ್ತ ಮನಿಗೆ ಹೋಗಿ ನಮ್ಮಾಕಿ ಮುಂದ ಏನ ಹೇಳಿದೆ ಗೊತ್ತೇನ್ರಿ? ಇಷ್ಟು ವರ್ಷದಾಗ ಎಷ್ಟೋ ಅತ್ತಿಗೋಳು ನನ್ನ ಹಂತೇಕ ಬಂದು ಸೊಸೀನ್ನ ಬೈದಾರ. ಸೊಸಿ ಸಲುವಾಗಿ ನನಗ ಬೈದಾಕಿ ಇವತ್ತ ಸಿಕ್ಕಳು ಅಂದೆ. ನಮ್ಮಾಕಿ ನಿಮ್ಮನ್ನ ನೋಡಬೇಕಂತಾಳ, ಒಮ್ಮಿ ಬರ್ರಿ."

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ತುಪ್ಪ ಕಣ್ಣಿಗೆ ಹತ್ತಿತು. ಅವರು ಕಟ್ಟೆಯ ಮೇಲೆ ಕೂತರು, ಬೀಗತಿ ಡಬ್ಬಿ ಬಿಚ್ಚುತ್ತಿದ್ದ ಜಾಗದಲ್ಲೇ. ತಾಟಿನಲ್ಲಿ ಎರಡು ಉಂಡಿ ಇಟ್ಟುಕೊಟ್ಟೆ. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದರು. "ಬೆಲ್ಲ ಒಂದೀಟು ಮುಂದಾಗೇದ," ಎಂದರು.

ಅನ್ವಿ ಸೊಂಟದ ಮೇಲೆ ಕೈಯಿಟ್ಟು ಅವರ ಎದುರಿಗೆ ನಿಂತಳು. ತನಗೆ ಕೊಡದ ಉಂಡಿಯನ್ನು ಈ ಮುದುಕ ತಿನ್ನುವುದು ಆಕೆಗೆ ಸರಿಕಾಣಲಿಲ್ಲ.

"ಅಜ್ಜಾ, ನೀ ಕೂಸು ಹಡದಿಯೇನು?"

ಒಳಗಿನಿಂದ ಸ್ನೇಹಲ್ "ಅನ್ವೀ!" ಎಂದು ಓಡಿ ಬಂದಳು. ಕಾಕಾ ಮಾತ್ರ ಉಂಡಿಯ ಉಳಿದ ಅರ್ಧವನ್ನು ಆಕೆಯ ಅಂಗೈಯಲ್ಲಿಟ್ಟು, ಆಕೆಯನ್ನು ಮೇಲಿನಿಂದ ಕೆಳಗಿನ ತನಕ ಒಮ್ಮೆ ನೋಡಿದರು. ಆ ಒಂದೂಮುಕ್ಕಾಲು ಕಿಲೋದ ಕೂಸನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಹೂಂ ನನ್ನವ್ವಾ," ಎಂದರು. "ಅದಕ್ಕ ನಾಳಿಂದ ನನಗೂ ರಜಾ."